ಬಿಚ್ಚುಮಾತಿನಕ್ಕ

ಸಂದೇಶದ ಕೊನೆಯಲ್ಲಿದ್ದ ಫೋನ್ ನಂಬರು ತನ್ನದೇ ಎಂದು ಹೊಳೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ತನ್ನ ನಂಬರನ್ನು ತಾನೇ ಯಾರು ಓದಿಕೊಳ್ಳುತ್ತಾರೆ, ಇನ್ನೊಬ್ಬರಿಗೆ ಹೇಳುತ್ತಾರೆ ಅಷ್ಟೆ. ಕೃತಕ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೂತವಳ ಎಡಗೈಯಲ್ಲಿ ಮೇಣದ ದವಡೆಹಲ್ಲು ಇತ್ತು, ಬಲಗೈಯ ಕೊರೆಯುವ ಕಡ್ಡಿ ಗಾಳಿಯಲ್ಲೇ ನಿಂತಿತ್ತು, ಫೋನು ಯಾರ್‍ಯಾರದೋ ಬಾಯಿಯ ಪ್ಲಾಸ್ಟರ್ ಅಚ್ಚುಗಳಿಗೆ ಒರಗಿಕೊಂಡಿತ್ತು. ‘ಅಕ್ಕಾ, ನೀವು ಯಾರೋ ಏನೋ ನನಗೆ ಗೊತ್ತಿಲ್ಲ,’ ಎಂದು ಶುರುವಾಗಿತ್ತು ಅದು. ‘ನಾನು ಪುಡಿ ಬಿಟ್ಟು ಬಹಳ ದಿನ ಆಯ್ತು. ಈಗ ಚಟ ಬಿಡಿಸೋ ಕೇಂದ್ರದ ಹಾಸ್ಟೆಲಲ್ಲಿದೀನಿ. ಈ ವಾರ ಹಾಸಿಗೆ ಖಾಲಿ ಮಾಡು ಅಂದಿದಾರೆ. ನನಗೊಬ್ಬಳು ಅಕ್ಕ ಇದಾಳೆ, ಅವಳ ಮನೇಲಿ ಮೆಟ್ಟಿಲ ಕೆಳಗೊಂದು ಸಣ್ಣ ಕೋಣೆ ಇದೆ. ನನ್ನಂಥೋರನ್ನ ಕಂಡ್ರೆ ಅವಳಿಗೆ ಅಸಹ್ಯ. ಅವಳ ತಪ್ಪಲ್ಲ. ನಿಮ್ಮ ಹಾಗೆ ಕೆಲಸ ಮಾಡ್ಕೊಂಡು, ಸಂಸಾರ ಮಾಡ್ಕೊಂಡು, ಮಾತ್ರೆ ವಿಷಯ ಮುಚ್ಚಿಡದೆ ಹೇಳ್ಕೊಳ್ಳೋ ಹೆಂಗಸು ಒಂದು ಮಾತಾಡಿದ್ರೆ ಅವಳ ಮನಸ್ಸು ಕರಗಬಹುದು. ಒಂದೇ ಒಂದು ಸಲ ಅವಳಿಗೆ ಫೋನ್ ಮಾಡ್ತೀರಾ?’ ಅದರ ಕೆಳಗೆ ನಂಬರು. ಅಸಹ್ಯ ಎಂಬ ಮಾತನ್ನು ತಾನು ಯಾವತ್ತೂ ಆಡಿರಲಿಲ್ಲವಲ್ಲ ಎಂದು ಅವಳಿಗೆ ಮೊದಲು ರೇಗಿತು. ತಮ್ಮ ಬಂದಾಗಲೆಲ್ಲ ಪರ್ಸನ್ನು ಕಪಾಟಿಗೆ ಸೇರಿಸಿ ಬೀಗ ಹಾಕುತ್ತಿದ್ದಳು, ನಿಜ. ಆದರೆ ಸದ್ದಾಗದ ಹಾಗೆ ಹಾಕುತ್ತಿದ್ದಳು.

‘ಬಿಚ್ಚುಮಾತು’ ಎಂದು ಹೆಸರಿಟ್ಟುಕೊಂಡು ಅವಳು ಇಂಟರ್‌ನೆಟ್ಟಿನಲ್ಲಿ ಬರೆಯತೊಡಗಿದ್ದು, ಕುತ್ತಿಗೆ ನೋವಿಗೆಂದು ಹಿಡಿದ ಮಾತ್ರೆ ಕುತ್ತಿಗೆ ನೋಯದ ದಿನವೂ ಬೇಕೆನ್ನತೊಡಗಿದ ಮೇಲೆ. ದಿನವಿಡೀ ಬಗ್ಗಿ ಕೂತು ಕಂಡವರ ಹಲ್ಲು ಕಟ್ಟುವವಳಿಗೆ ಕುತ್ತಿಗೆ ನೋಯದೆ ಇನ್ನೇನು ನೋಯುತ್ತದೆ. ಬರೆದದ್ದೆಲ್ಲ ನಿಜವೇ. ಬೆಳಿಗ್ಗೆ ಏಳುವಾಗ ಚರ್ಮದಡಿಯಲ್ಲಿ ಇರುವೆ ಹರಿದಂತಾಗುವುದು, ಒಂದು ನುಂಗಿದ್ದೇ ತಡ ಪ್ರಪಂಚದ ಮೇಲೆಲ್ಲ ಅಕ್ಕರೆ ಉಕ್ಕುವುದು, ಗಂಡನ ಗೊರಕೆಯೂ ಪಕ್ಕದ ಮನೆಯ ರೇಡಿಯೋದಷ್ಟು ದೂರವಾಗುವುದು, ಬಿಡುತ್ತೇನೆಂದು ಆಣೆ ಇಟ್ಟುಕೊಂಡ ಕೈಯೇ ಪರ್ಸಿನೊಳಗೆ ತಡಕಾಡುವುದು. ಸುಳ್ಳು ಇದ್ದದ್ದು ಸುತ್ತಮುತ್ತ ಮಾತ್ರ. ಅಲ್ಲಿ ಅವಳು ಟೈಲರ್. ಲಿಫ್ಟ್ ರಿಪೇರಿ ಮಾಡುವ ಗಂಡ ಅಲ್ಲಿ ಬಸ್ ಓಡಿಸುತ್ತಿದ್ದ. ಹುಟ್ಟದ ಇಬ್ಬರು ಮಕ್ಕಳು ಅಲ್ಲಿ ದಿನಾ ಶಾಲೆಗೆ ಹೋಗಿಬರುತ್ತಿದ್ದರು, ಒಬ್ಬನಿಗೆ ಗಣಿತ ತಲೆಗೆ ಹತ್ತುತ್ತಿರಲಿಲ್ಲ. ಎಷ್ಟು ತೋರಿಸಬೇಕು, ಎಷ್ಟು ಮರೆಮಾಡಬೇಕು ಎಂಬುದರಲ್ಲಿ ಅವಳ ಕೈ ಪಳಗಿತ್ತು. ಕೃತಕ ಹಲ್ಲು ಕಟ್ಟುವವರ ವಿದ್ಯೆಯೇ ಅದಲ್ಲವೇ, ಬಾಯಿ ತೆರೆದಾಗ ಕಾಣುವಷ್ಟನ್ನು ಚೆಂದ ಮಾಡುವುದು. ಓದುವವರು ಸಾವಿರಗಟ್ಟಲೆ ಸೇರಿಕೊಂಡರು. ಎಂಥ ಧೈರ್ಯ ಅಕ್ಕಾ ನಿಮ್ಮದು ಎಂದರು. ಮುಖ ತೋರಿಸದವರ ಧೈರ್ಯಕ್ಕೆ ಖರ್ಚು ಕಡಿಮೆ, ಅದು ಅವಳಿಗೂ ಗೊತ್ತಿತ್ತು, ಆದರೂ ಹೊಗಳಿಕೆ ರುಚಿಸುತ್ತಿತ್ತು. ಮನೆಯವರಿಗೆ ಗೊತ್ತಾ ಎಂದು ಒಬ್ಬಳು ಕೇಳಿದ್ದಕ್ಕೆ, ನಮ್ಮ ಮನೆಯಲ್ಲಿ ಯಾವುದನ್ನೂ ಮುಚ್ಚಿಡುವುದಿಲ್ಲ ಎಂದು ಬರೆದಳು. ಹೋದ ವಾರ ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು ಫೋಟೋ ಹಾಕಿದ್ದಳು. ಉಂಗುರ ತೆಗೆದಿಟ್ಟು, ಕಿಟಕಿ ಗಾಜಿನಲ್ಲಿ ಮುಖ ಬೀಳದ ಹಾಗೆ ತಿರುಗಿ ಕೂತು, ಲ್ಯಾಬಿನ ಸಾಮಾನನ್ನೆಲ್ಲ ಮಸುಕು ಮಾಡಿ. ಮೂಲೆಯಲ್ಲೊಂದು ಮೇಣದ ಹಲ್ಲು ಮಾತ್ರ ಹಾಗೇ ಉಳಿದಿತ್ತು. ಹಾಕಿದ ಮೇಲೆ ಅದನ್ನು ಕಂಡಳು, ಕಂಡರೂ ಅಳಿಸಲಿಲ್ಲ. ಜನ ಅದನ್ನು ಗುಂಡಿಯೋ ಮಣಿಯೋ ಅಂದುಕೊಂಡಾರು. ಅಲ್ಲದೆ ಹಲ್ಲು ಬಹಳ ಚೆನ್ನಾಗಿ ಬಂದಿತ್ತು.

ಒಂದು ಸಂಗತಿಯನ್ನು ಮಾತ್ರ ಅವಳು ಬಿಚ್ಚುಮಾತಿನಲ್ಲೂ ಬಿಚ್ಚಿರಲಿಲ್ಲ: ಮಾತ್ರೆ ಯಾರದೆಂಬುದನ್ನು. ಡಾಕ್ಟರು ಅವಳಿಗೆ ಸಾಕು ಎಂದು ನಿಲ್ಲಿಸಿದ ಸುಮಾರಿಗೇ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅತ್ತೆ ಬಿದ್ದದ್ದು ಅನುಕೂಲವೇ ಆಯಿತು. ಮಾತ್ರೆ ಈಗ ಮನೆಬಾಗಿಲಿಗೆ ಬರುತ್ತಿತ್ತು, ಅತ್ತೆಯ ಹೆಸರಲ್ಲಿ.

“ಏನಮ್ಮಾ, ಹಲ್ಲಿಗೆ ಜೋಗುಳ ಹಾಡ್ತಿದೀಯಾ? ಮಲಗಿಸೋದು ಬೇಡ, ಕೊರೆದು ಕೊಡು,” ಎಂದು ಲ್ಯಾಬಿನ ಯಜಮಾನ ಆ ತುದಿಯಿಂದ ಕೂಗಿದ. ಉಳಿದವರು ನಕ್ಕರು, ಅವಳೂ ನಕ್ಕಳು. ಫೋನು ತೆಗೆದುಕೊಂಡು ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕಿಕೊಂಡಳು. ಉತ್ತರ ಕೊಡದೆ ಬಿಡಬಹುದಿತ್ತು. ಬಿಟ್ಟರೆ ಬಿಚ್ಚುಮಾತಿನಕ್ಕ ಕಲ್ಲೆದೆಯವಳಾಗುತ್ತಾಳೆ. ಅವಳಿಗೆ ಆ ಹೆಂಗಸಿನ ಹೆಸರು ಕೆಡುವುದು ಇಷ್ಟವಿರಲಿಲ್ಲ. ಕೋಣೆ ನೆನಪಾಯಿತು. ಅದರಲ್ಲಿ ಗಂಡನ ಹಳೇ ತಂತಿಸುರುಳಿಗಳಿದ್ದವು, ಅವನ್ನು ಸರಿಸಿದರೆ ಒಬ್ಬ ಕಾಲು ಮಡಿಸಿಕೊಂಡು ಮಲಗಬಹುದು. ‘ಮೂರನೆಯವರು ಮಾತಾಡಿ ಕೂಡಿಸಿದ ಸಂಬಂಧ ನಿಲ್ಲುವುದಿಲ್ಲ ತಮ್ಮಾ,’ ಎಂದು ಬರೆದಳು. ‘ನೀನೇ ಹೋಗು. ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಹೇಳು. ಮುಚ್ಚಿಡದವರಿಗೆ ಬಾಗಿಲು ತೆರೆದೇ ತೆರೆಯುತ್ತದೆ.’ ಬರೆದದ್ದನ್ನು ಮತ್ತೆ ಓದಿಕೊಂಡಳು, ಅಷ್ಟು ಚೆನ್ನಾಗಿತ್ತು ಅದು. ಕಳಿಸಿದ ಮೇಲೆಯೇ ಹೊಳೆದದ್ದು: ಅವನು ಹೋಗುವುದಾದರೂ ಎಲ್ಲಿಗೆ? ಕೂಡಲೇ ಉತ್ತರ ಬಂತು: ‘ಸರಿ ಅಕ್ಕಾ. ಇವತ್ತೇ ಹೋಗ್ತೀನಿ.’

ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ತಮ್ಮನಿಗೆ ಕೊರೆಯುವುದನ್ನು ಕಲಿಸಿದವಳು ಅವಳೇ. ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡು, ಕಡ್ಡಿ ಹಿಡಿದ ಅವನ ಕೈಯನ್ನು ತನ್ನ ಕೈಯೊಳಗಿಟ್ಟುಕೊಂಡು, ಒತ್ತಬೇಡ ಕಣೋ, ಮೇಣಕ್ಕೆ ನೋವಾಗುತ್ತೆ ಎನ್ನುತ್ತಿದ್ದಳು. ಅವಳಿಗಿಂತ ಚೆನ್ನಾಗಿ ಕಲಿತ, ಅದು ಅವಳಿಗೆ ಸಂತೋಷವೂ ಹೊಟ್ಟೆಯುರಿಯೂ ಆಗಿತ್ತು. ಆಮೇಲೆ ಪುಡಿ. ಆಮೇಲೆ ಹಲ್ಲಿನ ಕ್ಯಾಪ್ ಎರಕ ಹೊಯ್ಯಲು ತಂದಿಟ್ಟ ಲೋಹದ ತುಂಡುಗಳು ಮಾಯವಾಗತೊಡಗಿದವು. ಯಜಮಾನ ಅವನನ್ನು ಎಲ್ಲರೆದುರು ಎಬ್ಬಿಸಿ ಕಳಿಸಿದ ದಿನ ಅವನು ಅವಳ ಮೇಜಿನ ಬಳಿ ನಿಂತು, “ಬರ್ತೀನಿ ಅಕ್ಕ,” ಎಂದ. ಅವಳು ತಲೆ ಎತ್ತಲಿಲ್ಲ. “ಬಾಗಿಲು ಎಳ್ಕೊಂಡು ಹೋಗು, ಎಸಿ ಹೋಗುತ್ತೆ,” ಎಂದಳು. ಅದನ್ನು ಈಗ ನೆನೆದು ಮುಖ ಬಿಸಿಯಾಯಿತು. ನಾಚಿಕೆಗೋ, ಪಕ್ಕದಲ್ಲಿ ಕೂತ ಹೆಂಗಸು ತನ್ನ ನಡುಗುವ ಮೊಣಕಾಲನ್ನೇ ನೋಡುತ್ತಿದ್ದಳೆಂದೋ, ಹೇಳುವುದು ಕಷ್ಟ. ಮಧ್ಯಾಹ್ನದ ಮಾತ್ರೆಯ ಹೊತ್ತು ಮೀರಿತ್ತು.

ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಲೆದೆಸೆಯ ಪುಟ್ಟ ಮೇಜಿನ ಮೇಲಿನ ಮಾತ್ರೆ ಹಾಳೆಯಲ್ಲಿ ಎರಡೇ ಉಳಿದಿದ್ದವು. ಒಂದನ್ನು ನಿಂತಲ್ಲೇ ನುಂಗಿದಳು. ಇನ್ನೊಂದನ್ನು ಪರ್ಸಿನ ಒಳಜೇಬಿಗೆ ಹಾಕಿಕೊಂಡಳು, ತಮ್ಮ ಬಂದುಹೋದ ಮೇಲೆ ಬೇಕಾಗುತ್ತದೆ. ಮುಗಿದಿವೆ, ತನ್ನಿ ಎಂದು ಗಂಡನಿಗೆ ಹೇಳಿದರಾಯಿತು. ಹಿಂದೆಯೂ ಹೇಳಿದ್ದಳು, ಅವನು ತಂದಿದ್ದ. ಅತ್ತೆಗೆ ಸಂಜೆ ತುಸು ತಡವಾದೀತು, ಅಷ್ಟೆ. ಅಷ್ಟೆ ಎಂದುಕೊಳ್ಳುವಷ್ಟರಲ್ಲಿ ಮಾತ್ರೆ ಹತ್ತಿತ್ತು, ಅತ್ತೆಯ ಬಿಳಿ ಕೂದಲಿನ ಮೇಲೂ ಅಕ್ಕರೆ ಉಕ್ಕಿ ಬಂದು ಹೊದಿಕೆ ಸರಿಮಾಡಿದಳು.

ಬೆಲ್ಲಾದಾಗ ಬಾಗಿಲು ತೆಗೆದದ್ದು ಗಂಡ, ಆಗಷ್ಟೇ ಕೆಲಸದಿಂದ ಬಂದಿದ್ದ. “ಓಹೋ, ಬಾಪ್ಪಾ ಬಾ,” ಎಂದ. “ಚೀಲ ಮಾತ್ರ ಅಲ್ಲೇ ಹೊರಗೆ, ಚಪ್ಪಲಿ ಪಕ್ಕ ಇಟ್ಬಿಡು. ತಪ್ಪು ತಿಳ್ಕೋಬೇಡ, ಕಾಲ ಹಾಗಿದೆ.” ಗಂಡ ಕೆಟ್ಟವನಲ್ಲ. ಲಿಫ್ಟಿನ ತಂತಿ ಒಂದು ಎಳೆ ಸವೆದಿದ್ದರೂ ಪೂರ್ತಿ ಬದಲಿಸಬೇಕು ಎಂಬುದು ಅವನ ಕೆಲಸದ ನಿಯಮ, ಅದನ್ನೇ ಮನುಷ್ಯರಿಗೂ ಅನ್ವಯಿಸುತ್ತಿದ್ದ. ತಮ್ಮ ಚೀಲ ಇಟ್ಟು, ಅದರಿಂದ ಏನನ್ನೋ ತೆಗೆದು ಜೇಬಿಗೆ ಹಾಕಿಕೊಂಡು ಒಳಗೆ ಬಂದ. ಸಣ್ಣಗಾಗಿದ್ದ, ಆದರೆ ಕಣ್ಣು ತಿಳಿಯಾಗಿದ್ದವು. ನಕ್ಕಾಗ ಅವಳ ದೃಷ್ಟಿ ಮೊದಲು ಹೋದದ್ದು ಹಲ್ಲಿನ ಮೇಲೆ. ಮುಂದಿನದೊಂದು ಇರಲಿಲ್ಲ. ಆ ಜಾಗಕ್ಕೆ ಸ್ವಲ್ಪ ಹಳದಿ ಬೆರೆತ ಬಿಳುಪು ಹೊಂದುತ್ತದೆ ಎಂದು ಮನಸ್ಸು ತಾನಾಗಿಯೇ ಬಣ್ಣ ಕೂಡಿಸಿತು.

ಗಂಡ ಮುಖ ತೊಳೆಯಲು ಹೋದ. ತಮ್ಮ ಅವಳ ಹಿಂದೆಯೇ ಅಡುಗೆಮನೆಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಅವಳು ಟೀಗೆ ನೀರಿಟ್ಟಳು.

“ಯಾರಾದ್ರೂ ಫೋನ್ ಮಾಡಿದ್ರಾ ಅಕ್ಕ ನಿಂಗೆ?”

“ಇಲ್ಲಪ್ಪ. ಯಾರು ಮಾಡ್ಬೇಕಿತ್ತು?”

“ಮಾಡಲ್ಲ ಅಂತ ಗೊತ್ತಿತ್ತು,” ಎಂದ. ದನಿಯಲ್ಲಿ ಕುಹಕವಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. “ಹಾಸ್ಟೆಲಲ್ಲಿ ಎಲ್ರೂ ಅವಳನ್ನ ಓದ್ತಾರೆ. ನಾನೂ ಓದ್ತಿದ್ದೆ. ಟೈಲರ್ರು, ಇಬ್ರು ಮಕ್ಕಳು ಅಂತ ನಂಬ್ಕೊಂಡೇ ಇದ್ದೆ, ಹೋದ ವಾರ ಆ ಫೋಟೋ ಬರೋವರೆಗೂ. ಕೆಳದವಡೆ ಹಲ್ಲದು. ನಾಲಿಗೆ ಕಡೆ ಒಂದು ಗೀರು ಜಾಸ್ತಿ ಇದೆ, ಸಣ್ಣದು, ಓರೆ. ಅಲ್ಲಿ ಯಾರೂ ಕೊರೆಯಲ್ಲ. ಯಾಕೆ ಅಂತ ನಾನು ಕೇಳಿದ್ದಕ್ಕೆ, ಸುಮ್ನೆ ನನ್ನ ಸಂತೋಷಕ್ಕೆ ಅಂದಿದ್ದೆ ನೀನು.”

ನೀರು ಕುದಿಯತೊಡಗಿತು. ಅವಳು ಟೀ ಪುಡಿಯ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು.

“ನಾನು ಯಾರ ಹತ್ರನೂ ಬಾಯಿ ಬಿಡಲ್ಲ ಅಕ್ಕ. ಭಾವಂಗೆ ಹೇಳು ಅಂತಾನೂ ಅನ್ನಲ್ಲ. ನಂಗೊಬ್ಬನಿಗೆ ಹೇಳು. ಹೌದು ಕಣೋ, ನಾನೇ, ನಾನೂ ಹಾಗೇ ಅಂತ. ನಮ್ಮ ಪೈಕಿ ನಾನೊಬ್ಬನೇ ಕೆಟ್ಟವನು ಅಂದ್ಕೊಂಡು ಅಲ್ಲಿ ಮಲಗ್ತಿದ್ದೆ. ಅಷ್ಟು ಹೇಳಿದ್ರೆ ಸಾಕು, ಕೋಣೆ ಕೊಟ್ರೂ ಸರಿ ಬಿಟ್ರೂ ಸರಿ.”

ಹೇಳಬೇಕೆನಿಸಿತು. ಸುಳ್ಳಲ್ಲ, ನಿಜವಾಗಿಯೂ ಎನಿಸಿತು. ಹೌದು ಕಣೋ ಎಂಬುದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಮುಖ ಕಾಣದ ಅಷ್ಟು ಸಾವಿರ ಜನಕ್ಕೆ ಹೇಳಿದ್ದನ್ನು ಈ ಒಂದು ಮುಖಕ್ಕೆ ಹೇಳುವುದು ಯಾವ ಮಹಾ ಕಷ್ಟ. ಆದರೆ ಆ ಸಾವಿರ ಜನ ನಾಳೆ ಅವಳ ಮೆಟ್ಟಿಲ ಕೆಳಗೆ ಬಂದು ಮಲಗುವುದಿಲ್ಲ, ಅವಳ ಕಣ್ಣಪಾಪೆಯನ್ನು ನೋಡಿ ಎಷ್ಟು ನುಂಗಿದ್ದಾಳೆಂದು ಅಳೆಯುವುದಿಲ್ಲ, ಅತ್ತೆಯ ಮೇಜಿನ ಕಡೆ ಅವಳು ನಡೆದಾಗ ತಲೆ ಎತ್ತುವುದಿಲ್ಲ. ಇವನಿಗೆ ಎಲ್ಲ ಗೊತ್ತಾಗುತ್ತದೆ. ಇವನು ತನ್ನನ್ನು ಕ್ಷಮಿಸಿಬಿಡುತ್ತಾನೆ. ಕಳ್ಳನೆನಿಸಿಕೊಂಡು ಹೋದವನಿಂದ ಕ್ಷಮೆ ಪಡೆಯುವ ಗತಿ ತನಗೆ ಬಂತಲ್ಲ ಎಂದು ಮೈಯೆಲ್ಲ ಉರಿಯಿತು.

“ಯಾವ ಫೋಟೋ? ಯಾವ ಹಲ್ಲು? ನಿಂಗಿನ್ನೂ ತಲೆ ನೆಟ್ಟಗಾಗಿಲ್ಲ ಅನ್ಸುತ್ತೆ,” ಎಂದಳು. “ಅಲ್ಲಿ ಡಾಕ್ಟರಿಗೆ ಸರಿಯಾಗಿ ತೋರಿಸ್ತಿದಾರಾ?”

ಅವನು ತಾನೇ ಲೋಟಗಳನ್ನು ತೆಗೆದಿಟ್ಟು, “ದೊಡ್ಡಮ್ಮನ್ನ ಮಾತಾಡಿಸ್ಕೊಂಡು ಬರ್ತೀನಿ,” ಎಂದು ಅತ್ತೆಯ ಕೋಣೆಗೆ ಹೋದ. ಒಳಗಿನಿಂದ ಅತ್ತೆ ನಕ್ಕದ್ದು ಕೇಳಿಸಿತು. ಅತ್ತೆ ನಕ್ಕು ಎಷ್ಟೋ ದಿನವಾಗಿತ್ತು.

ಅವನು ಹೊರಗೆ ಬಂದು ಟೀ ಕುಡಿದು ಮುಗಿಸುವ ಹೊತ್ತಿಗೆ ಅತ್ತೆ ನರಳತೊಡಗಿದಳು. ಮಾತ್ರೆ ಕೊಡಲು ಗಂಡ ಎದ್ದು ಹೋದ. ತಡೆಯಲು ಅವಳು ಅರ್ಧ ಎದ್ದಳು, ಏನೆಂದು ತಡೆಯುವುದು ಎಂದು ತೋಚದೆ ಕೂತಳು. ಅವನು ಖಾಲಿ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಯಾರನ್ನೂ ನೇರವಾಗಿ ಕೇಳದೆ ಒಳಗೆ ತಿರುಗಿ, “ಅಮ್ಮಾ, ಇವನು ಇಲ್ಲಿಗೆ ಬಂದಿದ್ನಾ?” ಎಂದ.

“ಬಂದಿದ್ದ. ಇಲ್ಲೇ ಕೂತಿದ್ದ.”

“ಮೇಜಿನ ಹತ್ರ ಕೈ ಹಾಕಿದ್ನಾ?”

“ನೀರು ಕೊಟ್ಟನಪ್ಪ. ಬಾಯಾರಿತ್ತು.”

“ಭಾವ, ನಾನು ನೋಡ್ದಾಗ ಆ ಹಾಳೆ ಖಾಲಿನೇ ಇತ್ತು,” ಎಂದ ತಮ್ಮ, ಎದ್ದು ನಿಂತು.

“ನೋಡ್ದೆ ತಾನೆ? ನೀರು ಕೊಡೋಕೆ ಹೋದವನು ಹಾಳೆ ಯಾಕೆ ನೋಡ್ದೆ?” ಗಂಡ ಅವಳತ್ತ ತಿರುಗಿದ. ದನಿ ಏರಿಸಲಿಲ್ಲ; ಕೆಟ್ಟುನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡವರ ಜೊತೆ ಮಾತಾಡುವಷ್ಟೇ ಸಮಾಧಾನ. “ನೀನು ಹೇಳು. ಕೆಲಸದಿಂದ ಬಂದಾಗ ಮಾತ್ರೆ ಇತ್ತಾ?”

ತಮ್ಮನೂ ನೋಡಿದ. ಬೇಡಿಕೊಳ್ಳುವ ನೋಟವಲ್ಲ ಅದು. ಹಿಂದೆ ಅವಳು ಕೊರೆದ ಹಲ್ಲನ್ನು ಯಜಮಾನ ಬೆಳಕಿಗೆ ಹಿಡಿದಾಗ, ಪಾಸೋ ಫೇಲೋ ಎಂದು ಅವಳಿಗಿಂತ ಹೆಚ್ಚು ಕಾತರದಿಂದ ಅವನು ನೋಡುತ್ತಿದ್ದನಲ್ಲ, ಹಾಗೆ.

“ಇತ್ತು,” ಎಂದಳು. ಬಂದಾಗ ಇದ್ದದ್ದು ನಿಜವೇ ಅಲ್ಲವೇ ಎಂದು ಒಳಗಿನ ಬಿಚ್ಚುಮಾತಿನಕ್ಕ ತಕ್ಷಣ ಸಮಜಾಯಿಷಿ ಕೊಟ್ಟಳು.

“ಜೇಬು ತೆಗಿ,” ಎಂದ ಗಂಡ. ತಮ್ಮ ತೆಗೆದ. ಒಂದರಲ್ಲಿ ಬಸ್ ಟಿಕೆಟ್ಟು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಲ್ಲುಜ್ಜುವ ಬ್ರಷ್ಷು. ರಾತ್ರಿ ಇರಿಸಿಕೊಳ್ಳುತ್ತಾರೆಂದು ನಂಬಿ ಬಂದಿದ್ದ. ಹೊರಗಿಟ್ಟ ಚೀಲ ಕಳುವಾದರೂ ಅದೊಂದು ಉಳಿಯಲಿ ಎಂದು ಜೇಬಿಗೆ ಹಾಕಿಕೊಂಡಿದ್ದ. ಗಂಡ ಬ್ರಷ್ಷನ್ನು ಕವರಿನಿಂದ ತೆಗೆದು, ಕವರನ್ನು ಕೊಡವಿ ನೋಡಿದ.

“ಬಾಯಿ ತೆಗಿ.”

“ಭಾವ...”

“ನಿಂಗೆ ಅನ್ಯಾಯ ಆಗಬಾರದು ಅಂತಲೇ ಹೇಳ್ತಿರೋದು. ತೆಗಿ.”

ತಮ್ಮ ಬಾಯಿ ತೆರೆದ. ಗಂಡ ಫೋನಿನ ಟಾರ್ಚ್ ಹಾಕಿ, ಗದ್ದ ಹಿಡಿದು ಎತ್ತಿ, ನಾಲಿಗೆ ಮೇಲೆ ಮಾಡಿಸಿ, ಈ ಕೆನ್ನೆ ಆ ಕೆನ್ನೆ ಎಳೆದು ನೋಡಿದ. ಅವಳು ಬೇರೆ ಕಡೆ ತಿರುಗಬಹುದಿತ್ತು. ತಿರುಗಲಿಲ್ಲ. ಹೊಟ್ಟೆಪಾಡಿನ ಅಭ್ಯಾಸ, ತೆರೆದ ಬಾಯಿ ಕಂಡರೆ ಕಣ್ಣು ಒಳಗೆ ಹೋಗಿಬಿಡುತ್ತದೆ. ಬಲಗಡೆ ಮೂರು ದವಡೆಹಲ್ಲು ಬುಡದವರೆಗೆ ಕರಗಿದ್ದವು. ಜೊಲ್ಲು ಅವನ ಗದ್ದದಿಂದ ಗಂಡನ ಹೆಬ್ಬೆರಳಿಗೆ ಇಳಿಯಿತು. ಗಂಡ ಅದನ್ನು ತಮ್ಮನ ಅಂಗಿಗೇ ಒರೆಸಿ, “ನುಂಗಿಯಾಗಿದೆ. ನುಂಗಿದ್ದನ್ನ ಎಲ್ಲಿ ಅಂತ ಹುಡುಕೋದು,” ಎಂದ.

ತಮ್ಮ ಬಾಯಿ ಮುಚ್ಚಿದ. ಈಗ ಹೇಳುತ್ತಾನೆ ಎಂದು ಅವಳು ಮೇಜಿನ ಅಂಚು ಹಿಡಿದುಕೊಂಡಳು. ಹೇಳಿದರೆ ಗಂಡ ನಂಬುವುದಿಲ್ಲ ಎಂಬ ಲೆಕ್ಕಾಚಾರವೂ ಆಗಲೇ ಮುಗಿದಿತ್ತು.

“ಅಕ್ಕ ಇತ್ತು ಅಂದ್ಮೇಲೆ ಇದ್ದೇ ಇರುತ್ತೆ ಭಾವ,” ಎಂದ ಅವನು. ಬ್ರಷ್ಷನ್ನು ಕವರಿಗೆ ಹಾಕಿ, ಕವರನ್ನು ನೀಟಾಗಿ ಮಡಿಚಿ, ಹೊರಗೆ ಹೋಗಿ ಚೀಲ ಹೆಗಲಿಗೇರಿಸಿದ. ಅವಳಿಗೆ ಬರ್ತೀನಿ ಎನ್ನಲಿಲ್ಲ. ಬಾಗಿಲನ್ನು ತಾನೇ ಎಳೆದುಕೊಂಡ.

ಗಂಡ ಔಷಧಿ ಅಂಗಡಿಗೆ ಹೊರಟ. ಡಾಕ್ಟರ ಚೀಟಿ ಹೊಸದಿಲ್ಲದೆ ಕೊಡುವುದು ಅನುಮಾನ, ಸಿಗದಿದ್ದರೆ ನಾಳೆಯವರೆಗೆ ಅಮ್ಮ ಹೇಗಾದರೂ ತಡೆದುಕೊಳ್ಳಬೇಕು ಎಂದ. “ನಿನ್ನ ತಮ್ಮ ಅಂತ ಸುಮ್ಮನಿದ್ದೀನಿ,” ಎಂದೂ ಸೇರಿಸಿದ. ಅವಳು ತಲೆಯಾಡಿಸಿ ಅತ್ತೆಯ ಕೋಣೆಗೆ ಬಂದು ಕಿಟಕಿಯ ಬಳಿ ನಿಂತಳು. ರಸ್ತೆಯ ಆಚೆ ಬಸ್ ನಿಲ್ದಾಣದಲ್ಲಿ ಅವನು ಒಬ್ಬನೇ ನಿಂತಿದ್ದ, ಚೀಲ ಕಾಲ ಸಂದಿಯಲ್ಲಿ. ಕೂಗಿದರೆ ಕೇಳಿಸುವಷ್ಟು ಹತ್ತಿರ. ಮಂಚದ ಮೇಲೆ ಅತ್ತೆಯ ನರಳಾಟ ಈಗ ಉಸಿರಿಗೊಮ್ಮೆ ಬರುತ್ತಿತ್ತು, ನೋವು ತಡೆಯಲಾಗದೆ ಚಾದರವನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು. ಪರ್ಸಿನ ಒಳಜೇಬಿನಲ್ಲಿ ಮಾತ್ರೆ ಇತ್ತು. ದಾರಿ ಎಷ್ಟು ಸುಲಭ ಎಂದು ಅವಳಿಗೆ ಆಶ್ಚರ್ಯವಾಯಿತು. ಮಂಚದ ಕೆಳಗೆ ಬಿದ್ದಿತ್ತು ಎಂದುಬಿಟ್ಟರೆ ಮುಗಿಯಿತು. ಅತ್ತೆಗೆ ನೋವು ಇಳಿಯುತ್ತದೆ, ತಮ್ಮನ ಮೇಲಿನ ಮಾತು ಅಳಿಯುತ್ತದೆ, ಕಿಟಕಿಯಿಂದ ಅವನನ್ನು ಕರೆಯಬಹುದು, ಗಂಡ ಬಂದು ಛೆ, ತಪ್ಪಾಯ್ತಪ್ಪ ಎನ್ನುತ್ತಾನೆ. ತನ್ನ ಗುಟ್ಟಂತೂ ಒಂದು ಕೂದಲಷ್ಟೂ ಅಲುಗುವುದಿಲ್ಲ. ಯಾರಿಗೂ ಏನನ್ನೂ ಒಪ್ಪಿಸಬೇಕಿಲ್ಲ, ಒಂದು ಸಣ್ಣ ಸುಳ್ಳು ಸಾಕು, ಅದರಲ್ಲಿ ಅವಳು ನಿಪುಣೆ. ಮಾತ್ರೆಯನ್ನು ಅಂಗೈಗೆ ಹಾಕಿಕೊಂಡಳು. ಇನ್ನೊಂದು ಕೈಯಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಹೆದರಬೇಡ ಎಂದು ಅವಳು ಯಾವತ್ತೋ ಬರೆದದ್ದನ್ನು ಓದಿ ಯಾರೋ ಅತ್ತುಬಿಟ್ಟಿದ್ದರಂತೆ, ಕಾಲಿಗೆ ಬೀಳುತ್ತೇನೆ ಅಕ್ಕಾ ಎಂದಿದ್ದರು. ತಿರುವಿನಲ್ಲಿ ಬಸ್ಸಿನ ಮುಂದೀಪ ಕಾಣಿಸಿತು. ಇದು ಕೊಟ್ಟರೆ ನಾಳೆ ಬೆಳಿಗ್ಗೆಗೆ ಏನು, ಎಂಬ ಯೋಚನೆ ಬಂತು. ಬೇರೆ ಯಾವ ಯೋಚನೆಯೂ ಅದರ ಪಕ್ಕದಲ್ಲಿ ನಿಲ್ಲಲಿಲ್ಲ. ಗುಟ್ಟೂ ಅಲ್ಲ, ಮಾನವೂ ಅಲ್ಲ, ಇಷ್ಟೇ. ಬಸ್ಸು ಬಂದು ಅವನನ್ನು ಮರೆಮಾಡಿತು, ಹೊರಟಾಗ ನಿಲ್ದಾಣ ಖಾಲಿ ಇತ್ತು. ಅವಳು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಒಣಗಂಟಲಲ್ಲೇ ನುಂಗಿದಳು.

“ನೀರು ಕುಡಿಯೇ,” ಎಂದಳು ಅತ್ತೆ ಹಿಂದಿನಿಂದ. “ಯಾವಾಗಲೂ ಹಾಗೇ ನುಂಗ್ತೀಯ. ಒಂದಿನ ಗಂಟಲಲ್ಲಿ ಅಡ್ಡ ಸಿಕ್ಕೊಳ್ಳುತ್ತೆ.”

ತಿರುಗಿದಾಗ ಅತ್ತೆಯ ಕಣ್ಣು ಪೂರ್ತಿ ತೆರೆದಿದ್ದವು. ನೋವಿನಿಂದ ನೀರು ಇಳಿಯುತ್ತಿತ್ತು, ಆದರೆ ನೋಟ ಸ್ಥಿರವಾಗಿತ್ತು.

“ಅತ್ತೆ... ಅವನು ಇದ್ದಾಗ ಯಾಕೆ ಹೇಳ್ಲಿಲ್ಲ...”

“ನನ್ನನ್ನ ತೊಳೆದು ಬಳಿಯೋಳು ನೀನು, ಅವನಲ್ಲವಲ್ಲ,” ಎಂದಳು ಮುದುಕಿ. ಹಲ್ಲು ಕಚ್ಚಿ ನೋವಿನ ಒಂದು ಅಲೆಯನ್ನು ದಾಟಿದಳು. “ಬಾ. ಮಗ್ಗಲು ತಿರುಗಿಸು. ನಿಂಗೀಗ ಕೈ ಹಗುರ ಇರುತ್ತೆ.”

ಅವಳು ಹೋಗಿ ಒಂದು ಕೈಯನ್ನು ಹೆಗಲಡಿಗೆ, ಇನ್ನೊಂದನ್ನು ಸೊಂಟದಡಿಗೆ ಕೊಟ್ಟು ಎತ್ತಿದಳು. ಮುದುಕಿ ಕಿರುಚಿದಳು. ಅವಳು ನಿಧಾನವಾಗಿ, ಬಹಳ ಅಕ್ಕರೆಯಿಂದ, ಗೋಡೆಯ ಕಡೆ ತಿರುಗಿಸಿ ಮಲಗಿಸಿದಳು.